ಎಲುಬಿನ ಬಟ್ಟಲು

ಖಾಲಿ ಸ್ಟೀಲ್ ಬಟ್ಟಲೊಂದನ್ನು ವೇಟರ್ ಮೇಜಿನ ನಟ್ಟನಡುವೆ ಇಟ್ಟು ಹೋದ. ಅಮರಯ್ಯ ಎತ್ತಿದ್ದ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟ.

ಆ ಬಟ್ಟಲು ಯಾತಕ್ಕೆಂದು ಅವನಿಗೆ ಗೊತ್ತಿತ್ತು. ಗೊತ್ತಿರಬಾರದಾಗಿತ್ತು. ಕೋಳಿ ತಿನ್ನುವವರು ಎಲುಬು ಹಾಕಲೆಂದು ಇಡುವ ಬಟ್ಟಲು ಅದು. ಗೋಬಿ ಮಂಚೂರಿ ತಿನ್ನುವವರ ಮೇಜಿಗೆ ಬರುವುದಿಲ್ಲ. ಹೂಕೋಸಿಗೆ ಎಲುಬೆಲ್ಲಿ?

ಮುಗಿಯಿತು ಎಂದುಕೊಂಡ. ಪ್ರತಿ ಬುಧವಾರ ತನ್ನೊಬ್ಬನ ಮುಂದೆ ಇಡುವ ಬಟ್ಟಲನ್ನು ಈ ಪುಣ್ಯಾತ್ಮ ಇವತ್ತು ಭಾನುವಾರ, ಈ ಮೂವರ ಎದುರಿಗೆ, ಮರೆತು ಇಟ್ಟುಬಿಟ್ಟಿದ್ದಾನೆ. ಇನ್ನು ಯಾರಾದರೂ ಕೇಳುತ್ತಾರೆ. ಏನು ಹೇಳುವುದು? ಹನ್ನೊಂದು ವರ್ಷದಿಂದ ಜಂಗಮನೆಂಬ ಗೌರವಕ್ಕೆ ತನ್ನನ್ನು ಅಯ್ನೋರು ಎಂದು ಕರೆದವರಿಗೆ, ತನ್ನ ಸಲುವಾಗಿ ಈ ಮೇಜಿನಲ್ಲಿ ಒಂದು ಮೊಟ್ಟೆಯನ್ನೂ ಮುಟ್ಟದವರಿಗೆ?

ತಲೆ ಎತ್ತಿದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ.

ಸೂಗಪ್ಪ ಬಟ್ಟಲನ್ನೇ ನೋಡುತ್ತಿದ್ದ, ತನ್ನ ಕಿಸೆಯಿಂದ ಏನೋ ಜಾರಿ ನಾಲ್ಕು ಮಂದಿಯ ಕಣ್ಣಿಗೆ ಬಿದ್ದವನ ಹಾಗೆ. ಮಲ್ಲು ಕತ್ತು ತಿರುಗಿಸಿ ಗೋಡೆ ಪಕ್ಕದ ಮೀನಿನ ತೊಟ್ಟಿಯಲ್ಲಿ ಕಣ್ಣು ನೆಟ್ಟಿದ್ದ. ಶಿವಗಂಗಾ ಡಬ್ಬಿಯಿಂದ ಒಂದು ಟಿಶ್ಯೂ ಎಳೆದಳು, ಇನ್ನೊಂದು ಎಳೆದಳು, ಮತ್ತೊಂದು ಎಳೆದು ಮೂರನ್ನೂ ಮುದ್ದೆ ಮಾಡಿ ಬಟ್ಟಲಿಗೆ ತುರುಕಿದಳು.

“ಕೈ ಒರಸಿದ್ದು ಹಾಕಾಕ ಛಲೋ ಆತು,” ಅಂದಳು. ಆ ಕಾಗದಗಳಿಂದ ಇನ್ನೂ ಯಾರೂ ಕೈ ಒರಸಿರಲಿಲ್ಲ.

“ಹೌದ್ರಿ ಅಯ್ನೋರ. ಈಗೀಗ ಎಲ್ಲಾ ಟೇಬಲ್ಲಿಗೂ ಇಡ್ತಾರ,” ಸೂಗಪ್ಪ ಹೇಳಿದ. ಅವನನ್ನು ಯಾರೂ ಕೇಳಿರಲಿಲ್ಲ.

ಆಗ ಅಮರಯ್ಯನಿಗೆ ತಿಳಿಯಿತು. ಬಟ್ಟಲು ತನ್ನದಲ್ಲ, ಇವರದು. ಇವರು ಮೂವರೂ ಬೇರೆ ಯಾವುದೋ ದಿನ, ತನ್ನನ್ನು ಬಿಟ್ಟು, ಇದೇ ಮೇಜಿಗೆ ಬಂದು ಕೂರುತ್ತಾರೆ. ಕೂತು ಕೋಳಿ ತಿನ್ನುತ್ತಾರೆ. ವೇಟರ್ ಮೂರು ಮುಖ ನೋಡಿ ಬಟ್ಟಲು ತಂದಿದ್ದಾನೆ. ನಾಲ್ಕನೆಯ ಮುಖವನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಮೊದಲು ಎದೆ ಹಗುರಾಯಿತು. ಅದರ ಬೆನ್ನಿಗೇ ಬಂದದ್ದು ಹಗುರಾಗಿರಲಿಲ್ಲ.

ಲಿಂಗಂಪಲ್ಲಿ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಒಂದು ಮೊಬೈಲ್ ರಿಪೇರಿ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಲಕ್ಕಿ ಪಾಂಡಾ ಎನ್ನುವ ಈ ಚೀನಾ ಹೋಟೆಲು. ಕಿಟಕಿಗಳಿಗೆ ಕೆಂಪು ಪರದೆ, ಮಾಡಿನಿಂದ ಇಳಿಬಿಟ್ಟ ಕೆಂಪು ಕಾಗದದ ಬುಡ್ಡಿಗಳು. ಹೊರಗೆ ಮೇ ತಿಂಗಳ ಮಧ್ಯಾಹ್ನ ಡಾಂಬರನ್ನು ಕರಗಿಸುತ್ತಿದ್ದರೆ ಒಳಗೆ ಸದಾ ಮುಳುಗುವ ಸೂರ್ಯನ ಹೊತ್ತು. ಆ ಬೆಳಕಿನಲ್ಲಿ ಎಲ್ಲರ ಮುಖವೂ ಒಲೆಯ ಮುಂದೆ ಕೂತವರ ಮುಖದಂತೆ ಕಾಣುತ್ತಿತ್ತು. ಎಲ್ಲರ ಮಾತೂ ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತಿತ್ತು.

ಯಾವುದೋ ಮುಚ್ಚಿಹೋದ ದೊಡ್ಡ ಹೋಟೆಲಿನಿಂದ ಮಾಲೀಕ ಕೊಂಡು ತಂದ ಗುಂಡು ಮೇಜು ಇಲ್ಲಿ ಒಂದೇ ಇತ್ತು. ಅದರ ಮೇಲೆ ತಿರುಗುವ ಗಾಜಿನ ಹಲಗೆ. ತಟ್ಟೆಯನ್ನು ಹಲಗೆಯ ಮೇಲಿಟ್ಟು ಬೆರಳಿನಿಂದ ತಳ್ಳಿದರೆ ಎದುರಿಗಿದ್ದವರ ಮುಂದೆ ಹೋಗಿ ನಿಲ್ಲುತ್ತದೆ. ಯಾರೂ ಯಾರಿಗೂ ಬಡಿಸಬೇಕಿಲ್ಲ. ಯಾರ ಕೈಯೂ ಯಾರ ಕೈಗೂ ತಾಕುವುದಿಲ್ಲ.

ತಿಂಗಳ ಎರಡನೇ ಭಾನುವಾರ ಈ ಮೇಜು ಅವರದು. ಅಮರಯ್ಯನ ಕುರ್ಚಿ ಏಸಿಯ ಕೆಳಗೆ. ಅದು ತಂಪಾದ ಜಾಗ. ಅಯ್ನೋರು ಬರುವುದು ತಡವಾದರೂ ಅಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಆ ಏಸಿ ಸೋರುತ್ತದೆ ಎನ್ನುವುದು ಅಮರಯ್ಯನಿಗೆ ಮಾತ್ರ ಗೊತ್ತು. ನೀರು ಗೋಡೆಗುಂಟ ಇಳಿದು ಅವನ ಕುರ್ಚಿಯ ಕಾಲಿನ ಬಳಿ ನಿಲ್ಲುತ್ತಿತ್ತು. ಅವನು ಒಮ್ಮೆಯೂ ಹೇಳಿರಲಿಲ್ಲ. ಮರ್ಯಾದೆಯಿಂದ ಕೊಟ್ಟ ಕುರ್ಚಿಯ ಬಗ್ಗೆ ದೂರು ಹೇಳುವುದು ಹೇಗೆ? ಬಿಗಿಯಾಗಿದ್ದ ಹೊಸ ಚಪ್ಪಲಿಯನ್ನು ಇವತ್ತು ಕೂತ ಕೂಡಲೇ ಮೇಜಿನ ಕೆಳಗೆ ಕಳಚಿಟ್ಟಿದ್ದ.

“ಏನ್ ಹೇಳೂಣ್ರಿ ಅಯ್ನೋರ?” ಮಲ್ಲು ಕೇಳಿದ. ಮೆನು ಕಾರ್ಡು ಅವನ ಕೈಯಲ್ಲಿ ತಲೆಕೆಳಗಾಗಿತ್ತು.

“ನೀವ ಹೇಳ್ರಿ.”

“ಯಾವಾಗಿನದ ಹೇಳ್ಲ್ಯಾ?”

“ಯಾವಾಗಿನದ ಹೇಳು.”

ಯಾವಾಗಿನದು ಎಂದರೆ ಎರಡು ಸ್ವೀಟ್ ಕಾರ್ನ್ ಸೂಪು, ಒನ್ ಬೈ ಟೂ ಮಾಡಿ ನಾಲ್ಕು. ಒಂದು ಗೋಬಿ ಮಂಚೂರಿ. ಒಂದು ವೆಜ್ ನೂಡಲ್ಸ್, ಒಂದು ವೆಜ್ ಫ್ರೈಡ್ ರೈಸ್. ನಾಲ್ವರ ಹೊಟ್ಟೆ ತುಂಬುತ್ತಿತ್ತು, ಯಾರ ಕಿಸೆಗೂ ಭಾರವಾಗುತ್ತಿರಲಿಲ್ಲ. ವೇಟರ್ ಬರೆದುಕೊಳ್ಳದೆ ತಲೆಯಾಡಿಸಿ ಹೋದ. ಐವತ್ತು ದಾಟಿದ ಮನುಷ್ಯ. ಎಲ್ಲರೂ ಅವನನ್ನು ಬಹಾದೂರ್ ಎನ್ನುತ್ತಿದ್ದರು. ಅದು ಅವನ ಹೆಸರಲ್ಲ. ಅವನು ನೇಪಾಳದವನೂ ಅಲ್ಲ, ಅಸ್ಸಾಮಿನವನು. ಕರೆದವರಿಗೆಲ್ಲ ಓಗೊಡುತ್ತಿದ್ದ.

“ನೂಡಲ್ಸ್ ಅಂದ್ರ ಏನೈತಿ ಹೇಳ್ರಿ. ಶಾವಿಗಿಗಿ ಎಣ್ಣಿ ಹಚ್ಚಿ ಚೀನಾದವ್ರ ಹೆಸರು ಹೇಳ್ತಾರ,” ಶಿವಗಂಗಾ ಅಂದಳು. ಪ್ರತಿ ತಿಂಗಳೂ ಹೇಳುತ್ತಿದ್ದಳು. ಸ್ಟೇಷನ್ ಹಿಂದಿನ ಎರಡು ಹಾಸ್ಟೆಲುಗಳಿಗೆ ದಿನಾ ಜೋಳದ ರೊಟ್ಟಿ ಬಡಿದು ಕೊಡುವವಳು ಅವಳು. ಬಿಟ್ಟುಹೋದ ಗಂಡನ ಸುದ್ದಿಯನ್ನು ರೊಟ್ಟಿ ತಟ್ಟುವಾಗ ಮಾತ್ರ ಎತ್ತುತ್ತಿದ್ದಳು.

“ಅಕ್ಕ, ನಿನ್ನ ರೊಟ್ಟಿ ಚೀನಾಕ್ಕ ಕಳಸೂಣೇನು?” ಮಲ್ಲು ಅಂದ.

“ಕಳಸಲೇ. ಎರಡು ಕಡ್ಡೀಲೆ ಹೆಂಗ ಮುರೀತಾರ ನೋಡ್ತೀನಿ.”

ಮಲ್ಲು ನಕ್ಕ. ಸೂಗಪ್ಪ ನಕ್ಕ. ಇಬ್ಬರೂ ನಕ್ಕು ಮುಗಿಸಿ ಅಮರಯ್ಯನ ಮುಖ ನೋಡಿದರು. ಅವನು ನಕ್ಕ ಮೇಲೆ ಇನ್ನೊಮ್ಮೆ ನಕ್ಕರು. ಅವರು ಹೀಗೆ ತನ್ನ ನಗುವಿಗೆ ಕಾಯುತ್ತಾರೆ ಎನ್ನುವುದನ್ನು ಅವನು ಇವತ್ತೇ ಗಮನಿಸಿದ. ಮೂವರೇ ಇದ್ದಾಗ ಒಂದೇ ಸಲ ನಗುತ್ತಿರಬಹುದು.

ಬಟ್ಟಲಿನಲ್ಲಿ ಮುದ್ದೆಯಾಗಿದ್ದ ಕಾಗದ ಹೂವಿನಂತೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಿತ್ತು.

ಹನ್ನೊಂದು ವರ್ಷದ ಹಿಂದೆ, ದುಡಿಯಲು ಊರು ಬಿಟ್ಟು ಬಂದಾಗ, ಇವರಾರಿಗೂ ಈ ತೆಲುಗು ಊರಿನಲ್ಲಿ ಯಾರೂ ಇರಲಿಲ್ಲ. ಸ್ಟೇಷನ್ ಹಿಂದಿನ ವಠಾರದಲ್ಲಿ ಒಂದು ಕೋಣೆಯಲ್ಲಿ ಅಮರಯ್ಯ, ಸೂಗಪ್ಪ, ಮಲ್ಲು. ಪಕ್ಕದ ಕೋಣೆಯಲ್ಲಿ ಶಿವಗಂಗಾ. ಸೂಗಪ್ಪ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಮಲ್ಲು ನಾಚಾರಂನಲ್ಲಿ ರಟ್ಟಿನ ಡಬ್ಬ ಹೊರುತ್ತಿದ್ದ. ಎಂಎಸ್‌ಸಿ ಓದಿದ ಅಮರಯ್ಯನಿಗೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಟ್ರೇನಿ ಕೆಲಸ. ಸಂಜೆ ಮೂವರೂ ಒಂದೇ ಗಂಗಾಳದಲ್ಲಿ ಅನ್ನ ಕಲಸಿ ಮೂರು ದಿಕ್ಕಿನಿಂದ ಉಣ್ಣುತ್ತಿದ್ದರು. “ಲೇ ಅಮರ್ಯಾ, ನನ್ ಕಡೀದು ಯಾಕ್ ತಿಂತೀಯಲೇ,” ಎಂದು ಸೂಗಪ್ಪ ಅವನ ಕೈಗೆ ಹೊಡೆಯುತ್ತಿದ್ದ.

ಮೊದಲ ಸಂಬಳ ಬಂದ ವಾರ ನಾಲ್ವರೂ ಲಕ್ಕಿ ಪಾಂಡಾಕ್ಕೆ ಬಂದರು. ಸೂಗಪ್ಪ ಚಿಕನ್ ಹೇಳುವುದಕ್ಕೆ ಬಾಯಿ ತೆರೆದ. “ನಾ ತಿನ್ನಂಗಿಲ್ಲ,” ಅಂದ ಅಮರಯ್ಯ. ಅಷ್ಟೇ ಅಂದದ್ದು. ಜಂಗಮರ ಮನೆಯಲ್ಲಿ ಹುಟ್ಟಿದವನು, ಅಲ್ಲಿಯವರೆಗೂ ತಿಂದಿರಲಿಲ್ಲ. ನೀವು ತಿನ್ನಬೇಡಿ ಎಂದೇನೂ ಹೇಳಲಿಲ್ಲ. “ಹಂಗಾರ ನಮಗೂ ಬ್ಯಾಡ,” ಅಂದ ಸೂಗಪ್ಪ. ಎಷ್ಟು ಪ್ರೀತಿಯಿಂದ ಅಂದನೆಂದರೆ ಅಮರಯ್ಯ ಎದುರಾಡದೆ ಮೆನು ಕಾರ್ಡು ಮಡಚಿಟ್ಟ. ಮುಂದಿನ ಸಲ ಬಂದಾಗ ‘ನನ್ನ ಸಲುವಾಗಿ ಬಿಡಬ್ಯಾಡ್ರಿ’ ಎಂದು ಹೇಳಬೇಕೆಂದಿದ್ದ. ಅಷ್ಟರಲ್ಲಿ ಗೋಬಿ ಬಂದಿತ್ತು.

ಅದೇ ಬೇಸಿಗೆ ಸೂಗಪ್ಪನ ತಾಯಿ ಗದಿಗೆಮ್ಮ ಊರಿಂದ ಬಂದಳು. ಅಮರಯ್ಯನ ಕೈಗೆ ಮಗ ಹೊಡೆದದ್ದನ್ನು ನೋಡಿದಳು. ಮಗನ ತಲೆಗೆ ಒಂದು ಬಿಗಿದಳು. “ಯಾರ ಮನಿ ಹುಡುಗ ಗೊತ್ತೈತೇನು ನಿನಗ? ಕಾಲಿಗಿ ಬೀಳು.” ಸೂಗಪ್ಪ ನಗುತ್ತಲೇ ಬಿದ್ದ. ಎದ್ದಾಗ ನಗು ಇರಲಿಲ್ಲ. ಮಾರನೆಯ ದಿನ ಗಂಗಾಳದ ಪಕ್ಕದಲ್ಲಿ ಒಂದು ಬೇರೆ ತಟ್ಟೆ ಇತ್ತು, ಹೊಸದು, ಅಂಗಡಿಯ ಚೀಟಿ ಇನ್ನೂ ಕಿತ್ತಿರದದ್ದು. “ಇದು ನಿಮ್ದರಿ, ಅಯ್ನೋರ.”

ಅಂದಿನಿಂದ ಅವನನ್ನು ಹೆಸರು ಹಿಡಿದು ಕರೆದವರಿಲ್ಲ.

ಸೂಪು ಬಂತು. ಅಮರಯ್ಯ ಚಮಚದಿಂದ ಕಲಕಿದ. ಜೋಳದ ಕಾಳುಗಳು ಮಬ್ಬು ನೀರಿನಲ್ಲಿ ಮೇಲೆ ಬಂದು ಮುಳುಗುತ್ತಿದ್ದವು.

ಬುಧವಾರ ಶುರುವಾದದ್ದು ನಾಲ್ಕು ವರ್ಷದ ಹಿಂದೆ. ಮೊದಲ ಪಾಳಿ ಮುಗಿಸಿ ಕಾರ್ಖಾನೆ ಬಸ್ಸಿನಿಂದ ಸ್ಟೇಷನ್ ಬಳಿ ಇಳಿದವನು ಹಸಿವಾಗಿ ಒಬ್ಬನೇ ಮೇಲೆ ಹತ್ತಿದ್ದ. ಮೀನಿನ ತೊಟ್ಟಿಯ ಪಕ್ಕದ ಸಣ್ಣ ಮೇಜು. ಗೋಬಿ ಹೇಳಿದ. ಕೆಂಪು ಗಸಿಯಲ್ಲಿ ಮುಳುಗಿದ್ದು ಗೋಬಿಯೋ ಮತ್ತೊಂದೋ ನೋಡಿದರೆ ತಿಳಿಯುವಂತಿರಲಿಲ್ಲ. ಮೂರನೆಯ ತುಂಡಿಗೆ ನಾರು ನಾರಾಗಿ ಹಲ್ಲಿಗೆ ಸಿಕ್ಕಾಗ ಕೋಳಿ ಎಂದು ತಿಳಿಯಿತು. ಬಹಾದೂರನನ್ನು ಕರೆಯಬೇಕೆಂದು ಕೈ ಎತ್ತಿದ. ಎತ್ತಿದ ಕೈ ತಲೆ ಕೆರೆದು ಕೆಳಗಿಳಿಯಿತು. ತಟ್ಟೆ ಖಾಲಿಯಾಯಿತು.

ರುಚಿ ಅಷ್ಟೇನೂ ಹಿಡಿಸಿರಲಿಲ್ಲ. ಅವನಿಗೆ ಹಿಡಿಸಿದ್ದು ಬೇರೆ. ತಿನ್ನುವಾಗ ಅವನ ಮುಖ ಯಾರೂ ನೋಡಲಿಲ್ಲ. ಯಾರೂ ತುತ್ತು ಹಿಡಿದು ಅವನು ಶುರು ಮಾಡಲಿ ಎಂದು ಕಾಯಲಿಲ್ಲ. ಮುಂದಿನ ಬುಧವಾರ ಮತ್ತೆ ಹೋದ. ಈ ಸಲ ತಪ್ಪಾಗಲಿ ಎಂದು ಕಾಯದೆ ಬಾಯಿ ಬಿಟ್ಟೇ ಹೇಳಿದ. ಚಿಕನ್ ಲಾಲಿಪಾಪ್, ಎಲುಬಿನ ತುದಿಗೆ ಬೆಳ್ಳಿ ಕಾಗದ ಸುತ್ತಿದ್ದು. ಆಮೇಲೆ ಮೂರು ಸಲ ಕೈ ತೊಳೆದು, ಸೋಂಪು ಅಗಿದು ಮನೆಗೆ ಹೋದ. ಹೆಂಡತಿ ಶಾಂಭವಿ ಬಾಗಿಲು ತೆರೆದು, “ಮೀಟಿಂಗ್ ಇತ್ತೇನ್ರಿ?” ಅಂದಳು. ಅಂದಿನಿಂದ ಬುಧವಾರ ಮೀಟಿಂಗ್ ಇದೆ.

ಕಾರ್ಖಾನೆಯಲ್ಲಿ ಅವನು ಏನನ್ನೂ ತಯಾರಿಸುತ್ತಿರಲಿಲ್ಲ. ಬೇರೆಯವರು ತಯಾರಿಸಿದ್ದು, ಇನ್ನು ಬೇರೆಯವರು ಪರೀಕ್ಷೆ ಮಾಡಿದ್ದು, ಶುದ್ಧವಾಗಿದೆ ಎಂದು ಕಾಗದದ ಕೊನೆಗೆ ಸಹಿ ಹಾಕುತ್ತಿದ್ದ. ದಿನಕ್ಕೆ ನೂರಾರು ಸಹಿ. ಔಷಧಿಯನ್ನು ಕಣ್ಣಿನಿಂದ ನೋಡಿ ವರ್ಷವಾಗಿತ್ತು.

“ಅಯ್ನೋರ, ತಗೋರಿ ಮೊದ್ಲು,” ಸೂಗಪ್ಪ ಗಾಜಿನ ಹಲಗೆ ತಳ್ಳಿದ. ಗೋಬಿ ತೇಲಿಕೊಂಡು ಬಂದು ಅಮರಯ್ಯನ ಮುಂದೆ ನಿಂತಿತು. ಅವನು ಎರಡು ತುಂಡು ತೆಗೆದುಕೊಂಡ. ಹಲಗೆ ಮುಂದಕ್ಕೆ ಹೋಯಿತು.

ಸೂಗಪ್ಪ ಗಂಟಲು ಸರಿ ಮಾಡಿಕೊಂಡ. ಮಲ್ಲು ಚಮಚ ಕೆಳಗಿಟ್ಟ. ಇದು ಮೊದಲೇ ಮಾತಾಡಿಕೊಂಡದ್ದು ಎಂದು ಅಮರಯ್ಯನಿಗೆ ಗೊತ್ತಾಯಿತು. ಎಲ್ಲಿ ಮಾತಾಡಿಕೊಂಡರು ಎನ್ನುವುದೂ ಗೊತ್ತಾಯಿತು.

“ಮನಿ ಆತ್ರಿ ಅಯ್ನೋರ.”

“ಮುಗೀತಾ?”

“ಬಣ್ಣ ಒಂದ್ ಬಾಕಿ. ಎರಡ ಕೋಲಿ, ಇಲ್ಲೇ ಊರ ಹೊರಗ. ಮಂದೀದು ಹತ್ತಂತಸ್ತು ಕಟ್ಟಿ ನಂದು ಎರಡ ಕೋಲಿ ಕಟ್ಟೂದ್ರಾಗ ಕೂದಲ ಬೆಳ್ಳಗಾತು.”

“ಭಾಳ ಸಂತೋಷ ಸೂಗಪ್ಪ.” ಅದು ಖರೆಯಾಗಿಯೂ ಸಂತೋಷವೇ. ಆದರೆ ಬಾಯಿಂದ ಹೊರಟಾಗ ಆಶೀರ್ವಾದದಂತೆ ಕೇಳಿಸಿತು.

“ಬರೂ ಸೋಮವಾರದ ಮುಂದಿನ ಸೋಮವಾರ ಮನಿ ಶಾಂತಿ. ನೀವ ಬರ್ಬೇಕು.”

“ಬರ್ದೇ ಇರ್ತೀನೇನು?”

“ಹಂಗ ಬರೂದಲ್ರಿ.” ಸೂಗಪ್ಪ ಮಲ್ಲುವಿನ ಕಡೆ ನೋಡಿದ. ಮಲ್ಲು ತಲೆಯಾಡಿಸಿದ. “ಗದ್ದಿಗಿ ಮ್ಯಾಲ ಕುಂದ್ರಬೇಕು. ಪಾದಪೂಜಿ ನಿಮ್ದ. ಅವ್ವ ಬರಾಕತ್ತಾಳ. ಪಾದೋದಕ ತಗೊಂಡ ಮ್ಯಾಲೇ ಹೊಸ ಒಲಿ ಹಚ್ಚೂದು ಅಂದಾಳ. ಅದೂ ನಿಮ್ ಪಾದದ್ದ ಆಗ್ಬೇಕು ಅಂದಾಳ.”

ಜಂಗಮನನ್ನು ಮಣೆಯ ಮೇಲೆ ಕೂರಿಸಿ, ಕಾಲು ತೊಳೆದು, ಆ ನೀರನ್ನು ಮನೆಮಂದಿ ಕಣ್ಣಿಗೊತ್ತಿಕೊಂಡು ಕುಡಿಯುವುದು. ಅಮರಯ್ಯ ಚಿಕ್ಕವನಿದ್ದಾಗ ಅಪ್ಪನ ಪಕ್ಕದಲ್ಲಿ ಕೂತು ನೋಡಿದ್ದ. ಅಪ್ಪನ ಒಡಕು ಹಿಮ್ಮಡಿಯಿಂದ ಜಾರಿದ ನೀರನ್ನು ಮುದುಕಿಯರು ಬೊಗಸೆಯಲ್ಲಿ ಹಿಡಿಯುತ್ತಿದ್ದರು. ಅವನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ನಂಬಿದವರು ಕುಡಿಯುವಾಗ ಅವರ ಗಂಟಲು ಅಲುಗುತ್ತಿದ್ದುದು ನೆನಪಿತ್ತು.

“ಊರಾಗ ಅಯ್ನೋರು ಇಲ್ಲೇನು?” ಕೇಳಿದ.

“ಅದಾರ. ಸಂಜಿ ಆದ್ರ ಬಾಟ್ಲಿ ಇಳಸ್ತಾರ. ಎಲ್ಲಾರಿಗೂ ಗೊತ್ತು.”

“ಇಲ್ಲೂ ಮಠ ಐತಲ್ಲ.”

“ಅವರು ಯಾರೋ ಏನೋ. ನಿಮ್ಮನ್ನ ನಾವು ಕಣ್ಣಾರೆ ನೋಡೀವ್ರಿ.” ಸೂಗಪ್ಪನ ದನಿ ಮೆತ್ತಗಾಯಿತು. “ಇಂಥಾ ಊರಾಗ, ಹನ್ನೊಂದ್ ವರ್ಷ, ಒಂದ್ ತತ್ತಿ ಮುಟ್ಟಿಲ್ಲ ನೀವು. ನಾ ಅವ್ವಗ ಅದನ್ನ ಹೇಳೀನಿ. ನೀವ ಇರಾಕ ಬ್ಯಾರೆಯವ್ರ ಪಾದ ಯಾಕ ಹಿಡೀಲಿ?”

ಕೆಂಪು ಬೆಳಕಿನಲ್ಲಿ ಮೂರು ಮುಖಗಳು ಅವನತ್ತ ತೆರೆದು ನಿಂತಿದ್ದವು. ಒಳ್ಳೆಯ ಮುಖಗಳು. ಶಾಂಭವಿಗೆ ಡೆಂಗ್ಯೂ ಬಂದಾಗ ಶಿವಗಂಗಾ ಒಂಬತ್ತು ದಿನ ಆಸ್ಪತ್ರೆಗೆ ಗಂಜಿ ತಂದಿದ್ದಳು. ಅವನ ತಂದೆ ತೀರಿಕೊಂಡಾಗ ಮಲ್ಲು ತನ್ನ ಪಾಳಿ ಬಿಟ್ಟು ಜೊತೆಗೆ ಊರಿನವರೆಗೂ ಬಂದಿದ್ದ, ದಾರಿಯುದ್ದಕ್ಕೂ ಒಂದು ಮಾತಾಡದೆ. ಇವರಿಗಿಂತ ಹತ್ತಿರದವರು ಅವನಿಗೆ ಈ ಊರಿನಲ್ಲಿ ಇಲ್ಲ. ಎಲ್ಲಿಯೂ ಇಲ್ಲ.

ಒಂದು ಮಾತು ಹೇಳಿದರೆ ಸಾಕು. ‘ನಾನೂ ತಿಂತೀನಿ.’ ಎರಡು ಶಬ್ದ. ಒಮ್ಮೆ ಹೊರಗೆ ಬಂದರೆ ಎಲ್ಲರೂ ಬಿದ್ದು ಬಿದ್ದು ನಗಬಹುದು. ‘ಲೇ ಅಮರ್ಯಾ’ ಎಂದು ಸೂಗಪ್ಪ ಬೆನ್ನಿಗೆ ಗುದ್ದಬಹುದು. ಇಲ್ಲವೇ ಎದ್ದು ಹೋಗಬಹುದು. ಎದ್ದು ಹೋದರೆ?

ಅವರೇ ಮೊದಲು ಹೇಳಲಿ ಎಂದುಕೊಂಡ. ಅವರು ತಮ್ಮ ಸುಳ್ಳನ್ನು ಕೈಬಿಟ್ಟರೆ ತಾನೂ ತನ್ನದನ್ನು ಕೈಬಿಡುವುದು. ಮಾತಿನ ಬಾಗಿಲನ್ನು ಸ್ವಲ್ಪ ಸರಿಸಿದ.

“ನೀವು ಬ್ಯಾರೆ ದಿನ ಇಲ್ಲಿಗೆ ಬರ್ತೀರೇನು?”

ಫೋರ್ಕಿಗೆ ಸುತ್ತಿದ ನೂಡಲ್ಸ್ ಮಲ್ಲುವಿನ ಬಾಯಿಯ ಬಳಿ ನಿಂತಿತು.

“ಇಲ್ಲಿಗಾ?” ಸೂಗಪ್ಪ ಅಂದ.

“ಇಲ್ಲಿಗೆ.”

“ಒಮ್ಮೊಮ್ಮೆ ಬರ್ತೀವ್ರಿ. ಚಾ ಕುಡ್ಯಾಕ.”

“ಚೀನಾ ಹೋಟೆಲ್ದಾಗ ಚಾ!” ಶಿವಗಂಗಾ ಬಾಯಿಗೆ ಸೆರಗು ಹಿಡಿದಳು. ನಗು ಬಂತು, ಆದರೆ ಕಣ್ಣು ಸೂಗಪ್ಪನನ್ನು ಗದರಿಸುತ್ತಿತ್ತು.

“ಏಸಿ ಐತಲ್ರಿ,” ಅಂದ ಮಲ್ಲು. “ತಣ್ಣಗ ಕುಂದ್ರಬೌದು.”

“ಛಲೋ,” ಅಂದ ಅಮರಯ್ಯ. “ಬರಬೇಕು. ತಿನ್ನಬೇಕು. ಏನ್ ಬೇಕಾದ್ದು ತಿನ್ರಿ. ಈಗೂ ತಿನ್ರಿ, ನಾ ಏನ್ ಅನ್ನಂಗಿಲ್ಲ.”

“ನಿಮ್ಮ ಮುಂದ?” ಸೂಗಪ್ಪನಿಗೆ ನಿಜಕ್ಕೂ ನೋವಾಗಿತ್ತು. “ಏನ್ ಮಾತ್ರಿ ಇದು? ನಮ್ಮನ್ನ ಏನ್ ತಿಳಕೊಂಡೀರಿ?”

ಬಾಗಿಲು ಮುಚ್ಚಿತು. ಎಷ್ಟು ಮರ್ಯಾದೆಯಿಂದ ಮುಚ್ಚಿತೆಂದರೆ ಸದ್ದೇ ಆಗಲಿಲ್ಲ.

ಕೈ ತೊಳೆದು ಬರುತ್ತೇನೆ ಎಂದು ಅಮರಯ್ಯ ಎದ್ದ. ಬರಿಗಾಲಿನಲ್ಲೇ ಹೋದ. ಅಡುಗೆಮನೆಯ ಬಾಗಿಲಿನ ಪಕ್ಕದಲ್ಲಿ ಕೈ ತೊಳೆಯುವ ಜಾಗ, ಅದರ ಮೇಲೆ ಕಲೆ ಬಿದ್ದ ಕನ್ನಡಿ. ಕನ್ನಡಿಯಲ್ಲಿ ಗುಂಡು ಮೇಜು ಕಾಣುತ್ತಿತ್ತು. ಮೂವರು ತಲೆ ಹತ್ತಿರ ತಂದು ಏನೋ ಅಂದುಕೊಂಡರು. ಮಲ್ಲುವಿನ ಭುಜ ಕುಣಿಯಿತು, ಶಿವಗಂಗಾ ಅವನ ತೋಳಿಗೆ ಹೊಡೆದಳು. ಮೂವರೂ ಒಂದೇ ಸಲ ನಕ್ಕರು. ಅವನ ಕುರ್ಚಿ ಖಾಲಿ ಇತ್ತು. ಕುರ್ಚಿ ಖಾಲಿಯಿದ್ದಾಗ ಆ ಮೇಜು ಎಷ್ಟು ಸರಿಯಾಗಿ ಕಾಣುತ್ತದೆ ಎಂದು ಅವನು ನೋಡುತ್ತ ನಿಂತ.

ಒಳಗಿನಿಂದ ಬಹಾದೂರ್ ಹೊರಗೆ ಬಂದ.

“ಒಂದು ಲಾಲಿಪಾಪ್,” ಅಮರಯ್ಯ ಹಿಂದಿಯಲ್ಲಿ ಹೇಳಿದ. ದನಿ ತನ್ನದಲ್ಲವೆನಿಸಿತು. “ಆ ಮೇಜಿಗೆ.”

ಬಹಾದೂರ್ ಒಮ್ಮೆ ಮೇಜಿನ ಕಡೆ, ಒಮ್ಮೆ ಇವನ ಕಡೆ ನೋಡಿದ. “ಬುಧ್‌ವಾರ್ ವಾಲಾ?”

“ಹೌದು. ಬುಧವಾರದ್ದೇ.”

ಹಿಂದಕ್ಕೆ ಬಂದು ಕೂತ. ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಅದು ಹೆದರಿಕೆಯಲ್ಲ. ಪರೀಕ್ಷೆ ಬರೆದು ಕೊಟ್ಟು ಹೊರಗೆ ಬಂದ ಹುಡುಗನ ಎದೆಯ ಹಾಗೆ. ಸೂಗಪ್ಪ ತನ್ನ ಮನೆಯ ಗೋಡೆಯ ಬಗ್ಗೆ ಹೇಳುತ್ತಿದ್ದ. ಒಂದು ಗೋಡೆಯನ್ನು ಮಾತ್ರ ತಾನೊಬ್ಬನೇ, ಯಾರ ಕೈಯನ್ನೂ ಹಚ್ಚದೆ ಎಬ್ಬಿಸಿದನಂತೆ. ಬೆಳಿಗ್ಗೆ ಆ ಗೋಡೆಯ ಮೇಲೆ ಮೊದಲ ಬಿಸಿಲು ಬೀಳುತ್ತದಂತೆ. ಅದರ ಕೆಳಗೆ ಅಯ್ನೋರ ಗದ್ದಿಗೆಯಂತೆ. ಏಸಿ ಗುಂಯ್‌ಗುಟ್ಟುತ್ತಿತ್ತು. ತೊಟ್ಟಿಯಲ್ಲಿ ಮೀನೊಂದು ಗಾಜಿಗೆ ಬಾಯಿ ಹಚ್ಚಿ ತೆರೆಯುವುದು, ಮುಚ್ಚುವುದು ಮಾಡುತ್ತಿತ್ತು. ಅದೂ ಏನೋ ಹೇಳುತ್ತಿದ್ದಿರಬೇಕು. ಈ ಹೊತ್ತು ಹೀಗೆಯೇ ನಿಂತುಬಿಡಲಿ, ತಟ್ಟೆ ಬರದೇ ಇರಲಿ ಎನ್ನಿಸಿತು. ಆಮೇಲೆ, ಬರಲಿ ಎನ್ನಿಸಿತು.

ತಟ್ಟೆ ಬಂತು.

ಬಹಾದೂರ್ ಯಾರನ್ನೂ ಕೇಳಲಿಲ್ಲ. ನೇರವಾಗಿ ಬಂದು ಅಮರಯ್ಯನ ಮುಂದೆ ಇಟ್ಟ. ಆರು ಲಾಲಿಪಾಪ್, ಬೆಳ್ಳಿ ಕಾಗದದ ತುದಿಗಳು ಮೇಲಕ್ಕೆ. ನಿಂಬೆ ಇಲ್ಲ, ಈರುಳ್ಳಿ ಜಾಸ್ತಿ. ಆಮೇಲೆ ಗಾಜಿನ ಹಲಗೆಯಿಂದ ಸ್ಟೀಲ್ ಬಟ್ಟಲನ್ನು ಎತ್ತಿಕೊಂಡು, ಕಾಗದದ ಮುದ್ದೆಯನ್ನು ತನ್ನ ಕೈಯ ಟ್ರೇಗೆ ಸುರುವಿಕೊಂಡು, ಖಾಲಿ ಬಟ್ಟಲನ್ನು ಅಮರಯ್ಯನ ಎಡಗೈಯ ಬಳಿ ಇಟ್ಟ. ಬಹಳ ದಿನದಿಂದ ಅಲ್ಲೇ ಇಡುತ್ತ ಬಂದವನ ಕೈ ಅದು. ಮೂವರೂ ಆ ಕೈಯನ್ನು ನೋಡಿದರು.

ಸೂಗಪ್ಪನ ಗೋಡೆ ಅರ್ಧಕ್ಕೆ ನಿಂತಿತು.

“ಲೇ ಬಹಾದೂರ್,” ಮಲ್ಲು ಅಂದ. “ಯಾರ್ದೋ ತಂದು ಯಾರ ಮುಂದೋ...”

“ತಪ್ಪಲ್ಲ,” ಅಂದ ಅಮರಯ್ಯ. “ನಾನ ಹೇಳೀನಿ.”

ತಟ್ಟೆಯಿಂದ ಹಬೆ ಏಳುತ್ತಿತ್ತು. ಆ ಹಬೆಯ ಆಚೆ ಸೂಗಪ್ಪನ ಮುಖ ನಿಧಾನವಾಗಿ ಬದಲಾಯಿತು. ಅಮರಯ್ಯ ಕಾದ. ಸಿಟ್ಟು ಬರಲಿ, ಬೈಗುಳ ಬರಲಿ, ಏನಾದರೂ ಬರಲಿ.

ಬಂದದ್ದು ನಗು. ಕಣ್ಣಲ್ಲಿ ನೀರು ತುಂಬಿದ ನಗು.

“ತಿಳೀತ್ರಿ ಅಯ್ನೋರ,” ಸೂಗಪ್ಪ ಅಂದ. “ನಾವು ಬಂದು ತಿನ್ನೂದು ನಿಮಗ ಗೊತ್ತಾಗೈತಿ. ಬೈಲಿಲ್ಲ. ನೀವ ಹೇಳಿ ತರಿಸಿದ್ರಿ ನಮ್ಮ ಸಲುವಾಗಿ. ಇಂಥಾ ಮನಸು ಯಾರಿಗಿರ್ತೈತಿ?”

“ನಿಮ್ಮ ಸಲುವಾಗಿ ಅಲ್ಲ, ಸೂಗಪ್ಪ. ನನಗ.”

“ಚಾಷ್ಟಿ ಮಾಡ್ತೀರಿ,” ಮಲ್ಲು ನಕ್ಕ. ಒಬ್ಬನೇ ನಕ್ಕ. ನಗು ಬೇಗ ಮುಗಿಯಿತು.

“ಚಾಷ್ಟಿ ಅಲ್ಲ. ಬುಧವಾರ ಬುಧವಾರ...”

“ಅಯ್ನೋರ.”

ಶಿವಗಂಗಾ. ಅವಳು ನಗುತ್ತಿರಲಿಲ್ಲ. ಅವಳ ಕಣ್ಣು ಅಮರಯ್ಯನ ಎಡಗೈಯ ಪಕ್ಕದ ಬಟ್ಟಲಿನ ಮೇಲಿತ್ತು. ಅವಳಿಗೆ ಎಲ್ಲ ಗೊತ್ತಾಗಿತ್ತು. ಬಹುಶಃ ಮೂವರಿಗೂ ಗೊತ್ತಾಗಿತ್ತು.

“ಗದಿಗೆಮ್ಮಗ ಎಂಬತ್ತು ವರ್ಷ ಆಗ್ಯಾವ್ರಿ,” ಅಂದಳು ಮೆಲ್ಲಗೆ. ಬೇಡಿಕೊಳ್ಳುವ ದನಿ ಅದು. ಆ ದನಿಯನ್ನು ಅವಳು ಯಾರ ಮುಂದೆಯೂ ಬಳಸಿದ್ದನ್ನು ಅವನು ಕೇಳಿರಲಿಲ್ಲ. “ಬಸ್ಸಿನ್ಯಾಗ ಕುಂತು ಬರಾಕತ್ತಾಳ.”

ಹೇಳಿ, ತಟ್ಟೆಯನ್ನು ತಾನೇ ಎತ್ತಿ ಗಾಜಿನ ಹಲಗೆಯ ಮೇಲಿಟ್ಟಳು. ಬಟ್ಟಲನ್ನೂ ಎತ್ತಿ ಅದರ ಪಕ್ಕ ಇಟ್ಟಳು. ಒಂದು ಬೆರಳಿನಿಂದ ಹಲಗೆಯನ್ನು ತಳ್ಳಿದಳು.

ತಟ್ಟೆ ಅಮರಯ್ಯನಿಂದ ದೂರ ಹೋಗಿ ಮಲ್ಲುವಿನ ಮುಂದೆ ಬಂತು. ಮಲ್ಲು ಅದನ್ನು ನೋಡಿದ. ಅವನ ಕುತ್ತಿಗೆಯಲ್ಲಿ ಏನೋ ನುಂಗಿದಂತೆ ಅಲುಗಿತು. ಬೆರಳು ಹಚ್ಚಿ ಮುಂದಕ್ಕೆ ತಳ್ಳಿದ. ಸೂಗಪ್ಪನ ಮುಂದೆ ಬಂತು. ಸೂಗಪ್ಪ ಕೈ ಮುಗಿದಂತೆ ಎರಡೂ ಕೈ ಜೋಡಿಸಿ, ಮತ್ತೆ ಬಿಡಿಸಿ, ಹಲಗೆಯನ್ನು ತಳ್ಳಿದ. ಶಿವಗಂಗಾ ನೋಡದೆಯೇ ತಳ್ಳಿದಳು. ತಟ್ಟೆ ಅಮರಯ್ಯನ ಮುಂದೆ ಬಂತು, ನಿಲ್ಲದೆ ಹೋಯಿತು.

“ಸೋಮವಾರ ಬೆಳಿಗ್ಗಿ ಏಳಕ್ಕ ಗಾಡಿ ಕಳಸ್ತೀನ್ರಿ,” ಸೂಗಪ್ಪ ಅಂದ.

“ಹೂಂ,” ಅಂದದ್ದು ಯಾರು? ತಾನೇ ಇರಬೇಕು.

“ಫ್ರೈಡ್ ರೈಸ್ ಆರಾಕತ್ತೈತಿ. ಉಣ್ರಿ,” ಮಲ್ಲು ಅಂದ. ಯಾರೂ ಉಣ್ಣಲಿಲ್ಲ. ಅಯ್ನೋರು ಶುರು ಮಾಡಲಿ ಎಂದು ಕಾಯುತ್ತಿದ್ದರು.

ಹಲಗೆ ತಿರುಗುತ್ತಿತ್ತು. ನಿಲ್ಲುತ್ತದೆ ಅನ್ನುವಷ್ಟರಲ್ಲಿ ಯಾರದೋ ಬೆರಳು ಬಂದು ಮೆಲ್ಲಗೆ ಮುಟ್ಟುತ್ತಿತ್ತು. ಆರು ಬೆಳ್ಳಿಯ ತುದಿಗಳು ಕೆಂಪು ಬೆಳಕಿನಲ್ಲಿ ಮಿನುಗುತ್ತ ಒಂದೊಂದು ಮುಖದ ಎದುರಿಗೂ ಬಂದು ಹೋಗುತ್ತಿದ್ದವು, ಹಿಂದೆಯೇ ಖಾಲಿ ಬಟ್ಟಲು. ಅಮರಯ್ಯ ಬೆರಳು ಚಾಚಿ ಗಾಜಿನ ಅಂಚಿಗೆ ಇಟ್ಟ. ಒತ್ತಿದರೆ ನಿಲ್ಲುತ್ತಿತ್ತು. ತಣ್ಣನೆಯ ಗಾಜು ಬೆರಳಿನ ಕೆಳಗೆ ಜಾರುತ್ತಲೇ ಹೋಯಿತು.

ಆಗ ಬರಿಗಾಲಿನ ಮೇಲೆ ಏನೋ ತಣ್ಣಗೆ ತಾಕಿತು. ಒಂದು ಹನಿ. ಇನ್ನೊಂದು. ಗೋಡೆಗುಂಟ ಇಳಿದ ನೀರು ಕುರ್ಚಿಯ ಕೆಳಗೆ ತುಂಬಿ, ಹಿಮ್ಮಡಿ ಮುಟ್ಟಿ, ಬೆರಳ ಸಂದಿಗೆ ಹರಿದು ಬಂದಿತ್ತು. ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತ. ಮೇಜಿನ ಕೆಳಗೆ, ಯಾರಿಗೂ ಕಾಣದಂತೆ, ಯಾರೋ ಅವನ ಪಾದಗಳನ್ನು ನಿಧಾನವಾಗಿ ತೊಳೆಯುತ್ತಿದ್ದರು.